ಕರಿಯನ ಜ್ವರ, ಮಗಳ ಪರೀಕ್ಷೆ: ಊರೂರು ತಿರುಗುವ ಒಂದು ಬೆಂಗಳೂರು ಕುಟುಂಬದ ಪ್ರಕರಣ

ಗಂಡ, ಹೆಂಡತಿ, ಹದಿನೈದರ ಮಗಳು, ಹದಿಮೂರರ ಮಗ, ಕರಿಯ ಎಂಬ ನಾಯಿ, ಚಿನ್ನಿ ಎಂಬ ಬೆಕ್ಕು. ಬನಶಂಕರಿ ಮೂರನೇ ಹಂತದ ಬಾಡಿಗೆ ಮನೆಯನ್ನು ಬಿಟ್ಟು, ಸಾಮಾನುಗಳನ್ನು ಹನುಮಂತನಗರದಲ್ಲಿರುವ ಅಜ್ಜಿಯ ಮನೆಯ ಮಹಡಿ ಕೋಣೆಯಲ್ಲಿ ತುಂಬಿಸಿಟ್ಟು, ಏಳು ಸೀಟಿನ ಕಾರಿನಲ್ಲಿ ಊರೂರು ತಿರುಗುತ್ತಾ ಬದುಕಲು ಹೊರಟವರು ಇವರು. ಎರಡನೆಯ ವರ್ಷದ ಮಳೆಗಾಲದಲ್ಲಿ ಆ ಬದುಕು ಮುರಿದುಬೀಳುವ ಹಂತಕ್ಕೆ ಬಂತು. ಮುರಿಯಲಿಲ್ಲ, ಆದರೆ ಮೊದಲಿನಂತೆಯೂ ಉಳಿಯಲಿಲ್ಲ.

ನಾನು ಜಯನಗರದಲ್ಲಿ ಮುಕ್ತ ಶಾಲೆಯ ಮೂಲಕ, ಅಂದರೆ ದಿನವೂ ಶಾಲೆಗೆ ಹೋಗದೆ ಮನೆಯಲ್ಲಿ ಓದಿಕೊಂಡು, ಹತ್ತನೇ ತರಗತಿ ಬರೆಯುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಗಳ ಓದಿನ ಸಲುವಾಗಿ ಬಂದವರು ಮನೆಯ ಒಳಗಿನ ವಿಷಯವನ್ನೂ ಹೇಳಿಕೊಂಡರು. ಹೆಸರುಗಳನ್ನು ಬಿಟ್ಟು ಬರೆಯಲು ನಾಲ್ವರೂ ಒಪ್ಪಿದ್ದಾರೆ. ಮಗಳು ಇದನ್ನು ಓದಿ ಎರಡು ಕಡೆ ತಿದ್ದಿಯೂ ಇದ್ದಾಳೆ.

ಇಂಥ ಕುಟುಂಬಗಳ ಮಾತು ಬಂದರೆ ಜನ ಮೊದಲು ದುಡ್ಡಿನ ವಿಷಯ ಕೇಳುತ್ತಾರೆ, ಆಮೇಲೆ ಶಾಲೆಯ ವಿಷಯ. ಈ ಮನೆಯಲ್ಲಿ ಎರಡಕ್ಕೂ ಉತ್ತರವಿತ್ತು. ಮುಂದಿನ ಊರು ಯಾವುದು, ಯಾವಾಗ ಹೊರಡುವುದು ಎಂಬ ತೀರ್ಮಾನದಲ್ಲಿ ಮಾತ್ರ ಮಕ್ಕಳಿಗೆ ಪಾಲಿರಲಿಲ್ಲ. ಬಾಯಿ ಬಿಟ್ಟು ಹೇಳಲಾಗದ ಪ್ರಾಣಿಗಳಿಗಂತೂ ಇರಲೇ ಇಲ್ಲ. ಈ ಪ್ರಕರಣದ ತಿರುಳು ಅದೇ ಎಂದು ನನಗೆ ಅನಿಸಿದೆ.

ಹೊರಟ ಬಗೆ

ತಂದೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮನೆಯಿಂದಲೇ ಕೆಲಸ ಮಾಡುವವರು. ತಾಯಿ ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವವರು. ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನ್ ಹೋಗಬೇಕು. ಆ ತಾರೀಖುಗಳ ಹಿಂದುಮುಂದಿನ ದಿನಗಳಲ್ಲಿ ಅವರು ಲ್ಯಾಪ್‌ಟಾಪಿನಿಂದ ಏಳುವುದೇ ಇಲ್ಲ. ಮಗಳು ಎಂಟನೇ ತರಗತಿ, ಮಗ ಆರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿದರು. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯಷ್ಟು ಕೊಟ್ಟಿದ್ದ ಮುಂಗಡ ಹಣ ಕೈಗೆ ಬಂದದ್ದರಿಂದ ಮೊದಲ ವರ್ಷದ ಭಯ ಕಡಿಮೆಯಾಯಿತು.

ಹೋಟೆಲಿನಲ್ಲಿ ಇಳಿಯುವವರಲ್ಲ ಇವರು. ಒಂದೊಂದು ಊರಿನಲ್ಲಿ ತಿಂಗಳು, ಎರಡು ತಿಂಗಳು ಸಣ್ಣ ಮನೆ ಹಿಡಿಯುತ್ತಾರೆ. ನಾಯಿ ಇದೆ ಎಂದ ಕೂಡಲೇ ಅರ್ಧ ಮನೆಗಳು ತಪ್ಪುತ್ತವೆ. ಬೆಕ್ಕೂ ಇದೆ ಎಂದರೆ ಉಳಿದ ಅರ್ಧದಲ್ಲಿ ಇನ್ನೊಂದಷ್ಟು. ಸಿಗುವ ಮನೆ ಸಾಮಾನ್ಯವಾಗಿ ಊರಿನ ಅಂಚಿನದು, ತೋಟದ ಪಕ್ಕದ್ದು, ಅಂಗಳವಿರುವುದು. ಅಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೀಗೆ ನಾಯಿಗೆ ಒಪ್ಪುವ ಮನೆ ತಂದೆಯ ಕೆಲಸಕ್ಕೆ ಒಪ್ಪದು, ತಂದೆಗೆ ಒಪ್ಪುವ ಮನೆಗೆ ನಾಯಿಯನ್ನು ಬಿಡರು. ಇವರು ಮನೆ ಹುಡುಕುವ ಕಷ್ಟವೆಲ್ಲ ಈ ಎರಡರ ನಡುವೆಯೇ ಇದೆ.

ಅಡುಗೆಗೆ ಪೆಟ್ರೋಲ್ ಬಂಕಿನಲ್ಲಿ ಸಿಗುವ 5 ಕಿಲೋ ಸಿಲಿಂಡರ್ ಮತ್ತು ಎರಡು ಬರ್ನರ್ ಒಲೆ. ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಾಕು ಕೊಡುತ್ತಾರೆ. ಹೆದ್ದಾರಿ ಟೋಲಿಗೆ 2025ರ ಆಗಸ್ಟ್ 15ರಿಂದ ಜಾರಿಗೆ ಬಂದ, ಆಗ 3,000 ರೂಪಾಯಿ ಇದ್ದ ಫಾಸ್ಟ್ಯಾಗ್ ವಾರ್ಷಿಕ ಪಾಸ್. ಅದರಲ್ಲಿ 200 ಸಲ ದಾಟಬಹುದು, ಇವರಿಗೆ ಅಷ್ಟು ಬೇಕಾಗುವುದೂ ಇಲ್ಲ. ಕಾರು ಬೇರೆ ರಾಜ್ಯದಲ್ಲಿ ಸತತ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಯೇ ಮರುನೋಂದಣಿ ಮಾಡಿಸಬೇಕೆಂಬ ನಿಯಮವಿದೆ. ನಡುವೆ ಬೆಂಗಳೂರಿಗೆ ಬಂದುಹೋಗುವುದರಿಂದ ಅದು ಇವರನ್ನು ಮುಟ್ಟಲಿಲ್ಲ. ಮಗಳಿಗೆ 15 ತುಂಬಿದಾಗ ಕಡ್ಡಾಯವಾದ ಆಧಾರ್ ಬಯೋಮೆಟ್ರಿಕ್ ನವೀಕರಣವನ್ನು ಆಗ ಇದ್ದ ಊರಿನ ಕೇಂದ್ರದಲ್ಲಿಯೇ ಮಾಡಿಸಿದರು. ಕಾಗದಪತ್ರಗಳಿಗೆಲ್ಲ ಅಜ್ಜಿಯ ಮನೆಯ ವಿಳಾಸ.

ಇಷ್ಟೆಲ್ಲ ತಯಾರಿಯನ್ನು ತಂದೆ ತಾಯಿ ಬಹಳ ಜತನದಿಂದ ಮಾಡಿದ್ದರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ.

ದಿನಚರಿಯ ಒಳಗೆ

ಬೆಳಿಗ್ಗೆ ಆರಕ್ಕೆ ಕರಿಯನ ನಡಿಗೆಯಿಂದ ದಿನ ಶುರು. ಹದಿನೆಂಟು ಕಿಲೋ ತೂಗುವ ಬೀದಿ ನಾಯಿ ಅದು. ಅದು ಮರಿಯಾಗಿದ್ದಾಗ ಮಗಳೇ ಕತ್ತರಿಗುಪ್ಪೆಯ ರಸ್ತೆಯಿಂದ ಎತ್ತಿಕೊಂಡು ಬಂದಿದ್ದಳು. ಹಾಗಾಗಿ ಕರಿಯನ ಊಟ, ನಡಿಗೆ, ಸ್ನಾನ, ಕಿವಿ ಒರೆಸುವುದು ಎಲ್ಲವೂ ತಾನಾಗಿಯೇ ಅವಳ ಪಾಲಿಗೆ ಬಂತು. ಬನಶಂಕರಿಯಲ್ಲಿ ಅದು ಅರ್ಧ ಗಂಟೆಯ ಕೆಲಸ. ಹೊಸ ಊರಿನಲ್ಲಿ ಅಲ್ಲಿನ ಬೀದಿ ನಾಯಿಗಳ ಸರಹದ್ದು ಯಾವುದು, ಯಾವ ಮನೆಯವರು ಕಲ್ಲು ಹೊಡೆಯುತ್ತಾರೆ, ಎಲ್ಲಿ ದನ ಕಟ್ಟಿರುತ್ತಾರೆ ಎಂದು ಗೊತ್ತಾಗುವುದಕ್ಕೇ ಒಂದು ವಾರ ಬೇಕು. ಕೈಯಲ್ಲಿ ಕೋಲು ಹಿಡಿದು, ಎರಡು ಕಡೆ ನೋಡುತ್ತಾ ನಡೆಯಬೇಕು. ಒಂದು ಊರು ಅವಳಿಗೆ ಹಿಡಿತಕ್ಕೆ ಬರುವ ಹೊತ್ತಿಗೆ ಮನೆಯವರು ಗಂಟು ಕಟ್ಟಲು ಶುರು ಮಾಡಿರುತ್ತಿದ್ದರು.

ಒಂಬತ್ತರಿಂದ ಹನ್ನೆರಡರವರೆಗೆ ಓದು. ಊಟವಾದ ಮೇಲೆ ತಂದೆಯ ಸಭೆಗಳು. ಆಗ ಮನೆ ಸದ್ದು ಮಾಡುವಂತಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ತಂದೆಯ ಕಚೇರಿ, ಇನ್ನೊಂದರಲ್ಲಿ ತಾಯಿಯ ಲೆಕ್ಕ. ಮಗಳು ಪಿಟೀಲು ಕಲಿಯುತ್ತಾಳೆ. ಗಾಂಧಿ ಬಜಾರಿನ ಹತ್ತಿರವಿರುವ ಗುರುಗಳು ಮೊಬೈಲಿನಲ್ಲಿ ಪಾಠ ಹೇಳುತ್ತಾರೆ. ಅಭ್ಯಾಸಕ್ಕೆ ಜಾಗ ಎಲ್ಲಿ? ಕಾರಿನ ಹಿಂದಿನ ಸೀಟಿನಲ್ಲಿ, ಕಮಾನು ಬಾಗಿಲಿಗೆ ತಾಗದಂತೆ ಮೊಣಕೈ ಮಡಚಿಕೊಂಡು ಕರ್ನಾಟಕ ಸಂಗೀತದ ವರ್ಣ ನುಡಿಸುತ್ತಿದ್ದಳು. ಅವಳೇ ಇದನ್ನು ನನಗೆ ಹೇಳಿದಳು, ದೂರುವ ದನಿಯಲ್ಲಿಯೂ ಅಲ್ಲ. ಆದರೆ ಹದಿನೈದರ ಹುಡುಗಿಗೆ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲೊಂದು ಬೇಕು. ಅದು ಸ್ನಾನದ ಮನೆಯದು ಮಾತ್ರವಾಗಿದ್ದರೆ ಸಾಲದು.

ಮಗ ಹೊರಗೆ ಬೇಗ ಬೆರೆಯುವವನು. ಎಲ್ಲಿ ಹೋದರೂ ಎರಡನೆಯ ದಿನಕ್ಕೆ ಕ್ರಿಕೆಟ್ ತಂಡದಲ್ಲಿರುತ್ತಾನೆ. ತಂದೆ ತಾಯಿ ಅವನನ್ನು ನೋಡಿ ಮಕ್ಕಳು ಹೊಂದಿಕೊಂಡಿದ್ದಾರೆ ಎಂದು ತಿಳಿದರು. ಬೇಗ ಬೆರೆಯುವವನು ಪ್ರತಿ ಎರಡು ತಿಂಗಳಿಗೊಮ್ಮೆ ಹತ್ತು ಹನ್ನೆರಡು ಗೆಳೆಯರನ್ನು ಕಳೆದುಕೊಳ್ಳುತ್ತಾನೆ ಎಂಬ ಕಡೆಗೆ ಅವರ ಗಮನ ಹೋಗಲಿಲ್ಲ.

ಸಾಗರದ ಮಳೆಗಾಲ

ಎರಡನೆಯ ವರ್ಷದ ಜೂನ್ ಕೊನೆಗೆ ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಯಿಂದ ಸಾಗರದ ಹತ್ತಿರದ ಹಳ್ಳಿಯೊಂದಕ್ಕೆ ಬಂದರು. ಹೆಂಚಿನ ಮನೆ, ಜಗುಲಿ, ಬಚ್ಚಲಿನಲ್ಲಿ ಹಂಡೆ ಒಲೆ, ಸುತ್ತ ಅಡಿಕೆ ತೋಟ. ಹೊರಡುವ ಮೂರು ದಿನ ಮೊದಲು ಮಕ್ಕಳಿಗೆ ವಿಷಯ ತಿಳಿದಿತ್ತು.

ಜುಲೈ ಮಳೆ ಹಿಡಿದ ಮೇಲೆ ಬಟ್ಟೆ ಒಣಗುವುದಿಲ್ಲ, ಪಿಟೀಲಿನ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಕರೆಂಟು ದಿನಗಟ್ಟಲೆ ಇರುವುದಿಲ್ಲ. ಕರಿಯನನ್ನು ಹೊರಗೆ ಕರೆದುಕೊಂಡು ಹೋದರೆ ಕಾಲಿಗೆಲ್ಲ ರಕ್ತ ಹೀರುವ ಇಂಬಳ. ತಂದೆ ಸಿಗ್ನಲ್ಲಿಗಾಗಿ ಕೊಡೆ ಹಿಡಿದು ರಸ್ತೆಯ ತಿರುವಿಗೆ ಹೋಗಿ ಮಾತನಾಡುತ್ತಿದ್ದರು. ಮಗಳು ಪುಸ್ತಕ ತೆರೆಯುವುದನ್ನು ಬಿಟ್ಟಳು. ಆ ವರ್ಷವೇ ಅವಳನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿಗೆ ನೋಂದಾಯಿಸಿದ್ದರು. ಏಪ್ರಿಲ್-ಮೇನಲ್ಲಿ ಪರೀಕ್ಷೆ. ಒಂದು ದಿನ ಅವಳು ಊಟದ ತಟ್ಟೆಯ ಪಕ್ಕದಲ್ಲಿ ಚೀಟಿ ಇಟ್ಟಳು: ಅಜ್ಜಿಯ ಮನೆಗೆ ಹೋಗುತ್ತೇನೆ, ಕರಿಯನನ್ನೂ ಕರೆದುಕೊಂಡು ಹೋಗುತ್ತೇನೆ, ನೀವು ಮೂವರು ತಿರುಗಿ.

ತಾಯಿ ಅತ್ತರು. ತಂದೆಗೆ ಸಿಟ್ಟು ಬಂತು. ನಿಮಗಾಗಿಯೇ ಇಷ್ಟೆಲ್ಲ ಮಾಡಿದ್ದು ಎಂಬ ಮಾತು ಬಂದುಹೋಯಿತು. ಆ ಮಾತು ಬಂದ ಮೇಲೆ ಮಕ್ಕಳಿಗೆ ಹೇಳಲು ಏನೂ ಉಳಿಯುವುದಿಲ್ಲ.

ಅದೇ ವಾರ ಕರಿಯ ಊಟ ಬಿಟ್ಟ. ಎರಡನೆಯ ದಿನ ಮೈ ಕಾದಿತ್ತು, ಒಸಡು ಬಿಳುಚಿಕೊಂಡಿತ್ತು. ಮೂರನೆಯ ದಿನ ಮೂಗಿನಿಂದ ರಕ್ತ.

ಜ್ವರದ ಮೂಲ

ಸಾಗರದಿಂದ ಶಿವಮೊಗ್ಗ ಸುಮಾರು 70 ಕಿ.ಮೀ. ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೆಳಗಿನ ಜಾವ ಹೊರಟು ಮಳೆಯಲ್ಲಿ ತಲುಪಿದರು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಎರ್ಲಿಕಿಯಾ ಎಂಬ ರೋಗಾಣುವಿನಿಂದ ಬರುವ ಉಣುಗು ಜ್ವರ.

ತಾಯಿಗೆ ಮೊದಲು ನೆನಪಾದದ್ದು ಮಂಗನ ಕಾಯಿಲೆ. ಸಹಜವೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗವೂ ಉಣುಗಿನಿಂದಲೇ ಹರಡುವುದು, ಸಾಗರವೂ ಅದೇ ಸೀಮೆ. ಆದರೆ ಅದು ಮನುಷ್ಯರಿಗೂ ಮಂಗಗಳಿಗೂ ಬರುವ ವೈರಸ್ ರೋಗ. ಹೆಚ್ಚಾಗುವುದು ಕಾಡು ಒಣಗಿರುವ ನವೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳುತ್ತಾರೆ. ಕರಿಯನಿಗೆ ಬಂದದ್ದು ಕಂದು ಬಣ್ಣದ ನಾಯಿ ಉಣುಗಿನಿಂದ. ಆ ಉಣುಗು ಕಾಡಿನದಲ್ಲ. ನಾಯಿಗಳಿರುವ ಮನೆಯ ಗೋಡೆಯ ಬಿರುಕು, ನೆಲದ ಸಂದು, ಗೋಣಿಚೀಲಗಳಲ್ಲಿ ವರ್ಷವಿಡೀ ಇರುತ್ತದೆ. ಕಚ್ಚಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಹಿಂದಿನ ಹೋಂಸ್ಟೇಯಲ್ಲಿ ಐದಾರು ನಾಯಿಗಳ ಜೊತೆ ಮಲಗಿದ್ದ ದಿನಗಳಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಹೊರಡುವ ಗಡಿಬಿಡಿಯಲ್ಲಿ ಆ ತಿಂಗಳ ಉಣುಗಿನ ಮಾತ್ರೆ ತಪ್ಪಿತ್ತು.

ಸಾಕುಪ್ರಾಣಿಗಳೊಡನೆ ತಿರುಗುವವರು ಇಲ್ಲಿ ಒಂದು ಮಾತನ್ನು ತಪ್ಪದೆ ಗಮನಿಸಬೇಕು. ನಾಯಿಯ ಬೆನ್ನಿಗೆ ಹಾಕುವ ಉಣುಗಿನ ಔಷಧಿಗಳಲ್ಲಿ ಕೆಲವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದು ಬೆಕ್ಕಿಗೆ ವಿಷ. ಔಷಧಿ ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೆ, ಅದರ ಪಕ್ಕ ಒತ್ತಿಕೊಂಡು ಮಲಗಿದರೆ ನಡುಕ, ಸೆಳೆತ ಬಂದು ಸಾಯಬಹುದು. ಕಾರಿನಲ್ಲಿ ನಾಯಿ ಬೆಕ್ಕು ಒಂದೇ ಕಡೆ ಇರುವ ಮನೆಗಳಲ್ಲಿ ಬಾಯಿಗೆ ಹಾಕುವ ಮಾತ್ರೆಯೇ ಒಳ್ಳೆಯದು, ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಚಿಕಿತ್ಸೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ನಾಲ್ಕು ವಾರ, ಒಂದು ಹೊತ್ತೂ ತಪ್ಪದೆ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ನಡುವೆ ಮತ್ತೆ ರಕ್ತ ಪರೀಕ್ಷೆ. ಮಳೆಯ ಹಳ್ಳಿಯಲ್ಲಿ ಅದು ಆಗುವ ಕೆಲಸವಲ್ಲ. ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕಾದರೆ ಮೊದಲ ದರ್ಜೆಯ ಎ.ಸಿ.ಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಮ್ಮದೇ ಆಗಿರಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಜ್ವರದ ನಾಯಿಯನ್ನು ಆ ಪೆಟ್ಟಿಗೆಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಕಾರಿನಲ್ಲಿಯೇ ನಿಧಾನವಾಗಿ ಬೆಂಗಳೂರಿಗೆ ಬಂದರು. ಆ ನಾಲ್ಕು ವಾರಗಳಲ್ಲಿಯೇ ಅವರು ನನ್ನ ಬಳಿ ಬಂದದ್ದು.

ಕೇಳಿದ್ದು, ಕೇಳಿಸಿಕೊಂಡದ್ದು

ಮೊದಲ ಸಲ ತಂದೆ ತಾಯಿ ಬಂದರು. ಮೇಡಂ, ಅವಳಿಗೆ ಪ್ರಯಾಣವೇ ಬೇಡವಂತೆ, ನಿಲ್ಲಿಸಿಬಿಡೋಣವೇ ಎಂದು ತಾಯಿ ಕೇಳಿದರು. ಮಗಳನ್ನು ಬೇರೆಯಾಗಿ ಕಳುಹಿಸಿ ಎಂದೆ. ಅವಳು ಗಣಿತದ ಪುಸ್ತಕ ಹಿಡಿದುಕೊಂಡು ಬಂದಳು. ನಾನು ಪ್ರಯಾಣದ ಬಗ್ಗೆ ಏನನ್ನೂ ಕೇಳಲಿಲ್ಲ, ಪರೀಕ್ಷೆಗೆ ಏನೇನು ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ.

ಮುಕ್ತ ಶಾಲೆಯ ವ್ಯವಸ್ಥೆಯಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ನೋಂದಣಿ ಐದು ವರ್ಷ ಊರ್ಜಿತ, ಒಟ್ಟು ಒಂಬತ್ತು ಅವಕಾಶ. ಐದು ವಿಷಯಗಳನ್ನು ಬಿಡಿಬಿಡಿಯಾಗಿಯೂ ಪಾಸು ಮಾಡಬಹುದು, ತೇರ್ಗಡೆಗೆ 33 ಅಂಕ. ಮನೆಯಲ್ಲಿ ಬರೆದು ಕಳುಹಿಸುವ ನಿಯೋಜನೆಗೆ 20 ಶೇಕಡಾ ಅಂಕ. ವಿಜ್ಞಾನಕ್ಕೆ ಪ್ರಯೋಗ ಪರೀಕ್ಷೆ ಇದೆ, ಅದು ಆಯ್ದುಕೊಂಡ ಅಧ್ಯಯನ ಕೇಂದ್ರದಲ್ಲಿ, ಅಂದರೆ ಇವಳ ಪಾಲಿಗೆ ಬೆಂಗಳೂರಿನಲ್ಲಿ. ಇದನ್ನೆಲ್ಲ ಬರೆಯುತ್ತಾ ಹೋದ ಹಾಗೆ ಅವಳ ಮುಖ ಸಡಿಲವಾಯಿತು. ಒಂದೇ ಏಟಿಗೆ ಎಲ್ಲವನ್ನೂ ಗೆಲ್ಲಬೇಕೆಂದು ಯಾರೋ ಅವಳ ತಲೆಯಲ್ಲಿ ತುಂಬಿದ್ದರು.

ಆಮೇಲೆ ತಾನೇ ಹೇಳಿದಳು. ತಿರುಗುವುದು ಅವಳಿಗೆ ಇಷ್ಟ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸಂಜೆ ಪಿಟೀಲು ನುಡಿಸಿದ್ದನ್ನು ಹೇಳುವಾಗ ಕಣ್ಣು ಹೊಳೆಯಿತು. ಬೇಡವಾದದ್ದು ಮೂರು: ಮೂರು ದಿನ ಮೊದಲು ಮಾತ್ರ ತಿಳಿಯುವ ಮುಂದಿನ ಊರು, ತನ್ನದಲ್ಲದ ಬಾಗಿಲು, ತನ್ನೊಬ್ಬಳ ಮೇಲೆಯೇ ಬಿದ್ದ ಕರಿಯ. ಮಾತ್ರೆ ತಪ್ಪಿದ್ದಕ್ಕೆ ತಾನೇ ಕಾರಣ ಎಂದು ಅವಳು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳು. ಆ ಮಾತ್ರೆ ನೆನಪಿಡುವ ಹೊಣೆ ಹದಿನೈದರ ಹುಡುಗಿಯ ಮೇಲೆ ಮಾತ್ರ ಏಕಿತ್ತು ಎಂದು ನಾನು ತಂದೆಯನ್ನು ನೇರವಾಗಿ ಕೇಳಿದೆ. ಅವರು ತುಂಬಾ ಹೊತ್ತು ಸುಮ್ಮನೆ ಕುಳಿತಿದ್ದರು.

ಅಜ್ಜಿಯ ಮನೆಯ ಅಡುಗೆಮನೆ ಗೋಡೆಯ ಮೇಲೆ ದೊಡ್ಡ ಕ್ಯಾಲೆಂಡರ್ ಬಂತು. ಮೊದಲು ಕದಲಿಸಲಾಗದ ದಿನಗಳನ್ನು ಗುರುತು ಹಾಕಿದರು. ಪ್ರತಿ ತಿಂಗಳ 11 ಮತ್ತು 20ರ ಸುತ್ತ ಪ್ರಯಾಣವಿಲ್ಲ. ಮಾರ್ಚಿನಿಂದ ಮೇವರೆಗೆ, ಪ್ರಯೋಗ ಪರೀಕ್ಷೆಯಿಂದ ಕೊನೆಯ ಪತ್ರಿಕೆಯ ತನಕ, ಬೆಂಗಳೂರು. ಜೂನಿಂದ ಸೆಪ್ಟೆಂಬರ್ ಮಲೆನಾಡು, ಕರಾವಳಿ ಇಲ್ಲ. ಕರಿಯನ ರೇಬೀಸ್ ಲಸಿಕೆಯ ದಿನ, ಇಲಿ ಜ್ವರ (ಲೆಪ್ಟೊಸ್ಪೈರಾ) ತಡೆಯುವ ಲಸಿಕೆಯ ದಿನ, ಉಣುಗಿನ ಮಾತ್ರೆಯ ದಿನ. ಮಾತ್ರೆ ಇನ್ನು ತಂದೆಯ ಹೊಣೆ. ಉಳಿದ ಖಾಲಿ ತಿಂಗಳುಗಳಲ್ಲಿ ಊರು ಆರಿಸುವ ಸರದಿ ನಾಲ್ವರಿಗೂ ಸಮ. ಆರು ವಾರ ಮೊದಲೇ ಹೇಳಬೇಕು. ಒಂದು ಬಾಗಿಲಿರುವ ಕೋಣೆ ಮಗಳಿಗೆ ಇಲ್ಲದ ಮನೆಯನ್ನು ಹಿಡಿಯುವಂತಿಲ್ಲ, ಬಾಡಿಗೆ ಹೆಚ್ಚಾದರೂ ಸರಿ.

ಪ್ರಯಾಣದ ದಿನದ ಕಟ್ಟಳೆಗಳನ್ನು ಕರಿಯನನ್ನು ನೋಡಿ ಮಾಡಿದರು. ಹೊರಡುವ ನಾಲ್ಕು ಗಂಟೆ ಮೊದಲು ಊಟವಿಲ್ಲ, ಇಲ್ಲವಾದರೆ ಘಾಟಿಯಲ್ಲಿ ವಾಂತಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು, ನಡಿಗೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಇಳಿಯುವುದಿಲ್ಲ. ಹೊರಗೆ 30 ಡಿಗ್ರಿ ಇದ್ದರೂ ಗಾಜು ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ದಾಟಬಹುದು, ನಾಯಿಗೆ ಅದು ಪ್ರಾಣಾಪಾಯ. ಬೆಳಕಿರುವಾಗಲೇ ಊರು ಸೇರಬೇಕು. ಬಂಡೀಪುರದ ಮೂಲಕ ಹೋಗುವ ಯೋಚನೆ ಇದ್ದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಹೇಗೂ ಸಂಚಾರ ನಿಷೇಧ, ಕಾಡಿನ ದಾರಿಯಲ್ಲಿ ನಾಯಿಯನ್ನು ಇಳಿಸುವ ಮಾತೇ ಇಲ್ಲ.

ಚಿನ್ನಿ

ಬೆಕ್ಕಿನ ವಿಷಯದಲ್ಲಿ ಮನೆ ಒಡೆಯಿತು. ನಾಯಿ ಜನರನ್ನು ನಂಬಿ ಬದುಕುತ್ತದೆ, ಬೆಕ್ಕು ಜಾಗವನ್ನು ನಂಬಿ ಬದುಕುತ್ತದೆ. ಪ್ರತಿ ಹೊಸ ಮನೆಯಲ್ಲಿ ಚಿನ್ನಿಯನ್ನು ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಕೂಡಿಹಾಕಬೇಕಾಗುತ್ತಿತ್ತು, ಮರಳಿನ ತಟ್ಟೆ, ಹಳೆಯ ಹೊದಿಕೆ ಸಮೇತ. ಎರಡು ಸಲ ಹೆಂಚಿನ ಸಂದಿನಿಂದ ತಪ್ಪಿಸಿಕೊಂಡು ಒಂದೊಂದು ರಾತ್ರಿ ಕಾಣೆಯಾಗಿತ್ತು. ಅಜ್ಜಿಯ ಮನೆಯಲ್ಲಿ ನಾಲ್ಕು ವಾರ ಇದ್ದಾಗ ಮಹಡಿಯ ಕಿಟಕಿ ಕಟ್ಟೆಯ ಮೇಲೆ ಮಲಗಿ, ಮೈ ತುಂಬಿಕೊಂಡಿತು, ಕೂದಲು ಉದುರುವುದು ನಿಂತಿತು.

ಚಿನ್ನಿ ಮಗನ ಬೆಕ್ಕು. ಬಿಟ್ಟು ಹೋಗುವುದಿಲ್ಲ ಎಂದು ಅವನು ಹಟ ಹಿಡಿದ. ಅಜ್ಜಿ, ನನ್ನ ಹತ್ತಿರ ಇರಲಿ ಬಿಡೋ, ನನಗೂ ಜೊತೆಯಾಗುತ್ತದೆ ಎಂದರು. ಅವನು ಒಪ್ಪಲು ಎರಡು ವಾರ ಬೇಕಾಯಿತು. ಒಪ್ಪಿದ ದಿನ ಊಟ ಮಾಡಲಿಲ್ಲ. ಬೆಕ್ಕನ್ನು ಇಲ್ಲಿ ಉಳಿಸಿದ್ದು ಸರಿ ಎಂದೇ ನಾನು ಈಗಲೂ ಹೇಳುತ್ತೇನೆ, ಹುಡುಗನ ನೋವು ಅದರಿಂದ ಕಡಿಮೆಯಾಗದಿದ್ದರೂ. ತಂದೆ ತಾಯಿಯ ಆಯ್ಕೆಗೆ ಅವನು ತೆತ್ತ ಬೆಲೆ ಅದು, ಅದನ್ನು ಹಾಗೆಯೇ ಹೆಸರಿಟ್ಟು ಅವನ ಮುಂದೆ ಒಪ್ಪಿಕೊಳ್ಳಿ ಎಂದು ಅವರಿಗೆ ಹೇಳಿದೆ. ಒಪ್ಪಿಕೊಂಡರು. ಅದಾದ ಮೇಲೆಯೇ ಅವನು ಮಾತನಾಡಲು ಶುರು ಮಾಡಿದ್ದು.

ಹುಡುಗನ ಲೆಕ್ಕ

ಅವನಿಗೆ ಎಂಜಿನಿಯರಿಂಗ್ ಓದುವ ಆಸೆ. ಇಲ್ಲಿ ಯಾರೂ ಯೋಚಿಸದಿದ್ದ ತೊಡಕೊಂದು ಕಾಣಿಸಿತು. ಎಂಜಿನಿಯರಿಂಗ್ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಸಾಮಾನ್ಯ ಅರ್ಹತಾ ನಿಯಮದಂತೆ ಒಂದರಿಂದ ಹನ್ನೆರಡನೇ ತರಗತಿಯ ಒಳಗೆ ಕರ್ನಾಟಕದಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಓದಿರಬೇಕು, ಹತ್ತನೆಯದನ್ನೋ ದ್ವಿತೀಯ ಪಿಯುಸಿಯನ್ನೋ ಇಲ್ಲಿ ತೇರ್ಗಡೆಯಾಗಿರಬೇಕು. ಅಕ್ಕ ಎಂಟು ವರ್ಷ ಇಲ್ಲಿಯ ಶಾಲೆಯಲ್ಲಿ ಓದಿದ್ದಾಳೆ. ಅವನು ಓದಿದ್ದು ಆರು. ಪಿಯುಸಿಯ ಎರಡು ವರ್ಷವನ್ನು ಬೆಂಗಳೂರಿನ ಕಾಲೇಜಿನಲ್ಲಿ ಓದಿದರೆ ಎಂಟಾಗುತ್ತದೆ. ಅಂದರೆ ಹತ್ತನೆಯದು ಮುಗಿದ ಮೇಲೆ ಅವನು ನೆಲೆ ನಿಲ್ಲಬೇಕು. ಇದನ್ನು ಕೇಳಿ ತಂದೆಯ ಮುಖ ಬಾಡಿತು, ಮಗನ ಮುಖ ಅರಳಿತು. ಎರಡು ವರ್ಷ ಒಂದೇ ಕಾಲೇಜು, ಒಂದೇ ತಂಡ, ಕಿಟಕಿ ಕಟ್ಟೆಯ ಮೇಲೆ ಚಿನ್ನಿ.

ಕರಿಯನ ಎರಡನೆಯ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸರಿಹೋಗಿತ್ತು. ಹೊಸ ಕ್ಯಾಲೆಂಡರಿನ ಮೊದಲ ಸರದಿ ಮಗಳದು. ಅವಳು ಧಾರವಾಡ ಆರಿಸಿದಳು, ಅಕ್ಟೋಬರಿನಿಂದ ಎರಡು ತಿಂಗಳು. ಹಿಂದೂಸ್ತಾನಿ ಪಿಟೀಲಿನ ಕೈ ಹೇಗಿರುತ್ತದೆ ಎಂದು ಹತ್ತಿರದಿಂದ ಕೇಳಬೇಕಂತೆ. ಸಾಧನಕೇರಿಯ ಕಡೆ ಮನೆ ಸಿಕ್ಕಿತು. ಮೂರು ಕೋಣೆ, ಒಂದಕ್ಕೆ ಒಳಗಿನಿಂದ ಚಿಲಕ. ಬಾಡಿಗೆ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು. ನಿಯೋಜನೆಯ ಮೊದಲ ಎರಡು ಉತ್ತರಗಳನ್ನು ಅವಳು ಅಲ್ಲಿಂದ ಬರೆದು ನನಗೆ ಕಳುಹಿಸಿದಳು, ಕನ್ನಡ ಮತ್ತು ವಿಜ್ಞಾನ. ಗಣಿತ ಇನ್ನೂ ಹಿಂದೆ ಇದೆ. ಏಪ್ರಿಲಿನಲ್ಲಿ ನಾಲ್ಕು ವಿಷಯ ಬರೆದು, ಗಣಿತವನ್ನು ಅಕ್ಟೋಬರಿಗೆ ಇಟ್ಟುಕೊಳ್ಳೋಣ ಎಂದು ಮಾತಾಗಿದೆ. ಮುಂದಿನ ಸರದಿ ತಮ್ಮನದು. ಅವನು ಇನ್ನೂ ಊರಿನ ಹೆಸರು ಹೇಳಿಲ್ಲ. ತಾಯಿ ಕೇಳಲು ಹೋದರೆ, ಆರು ವಾರ ಇದೆಯಲ್ಲ ಅಮ್ಮ ಎನ್ನುತ್ತಾನಂತೆ.